ಲಾಭ, ಎರಡು, ಮೂರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬಲಗೈ ಇನ್ನೊಮ್ಮೆ ಸೀಮೆಸುಣ್ಣ ಹಿಡಿಯದಿರಲಿ. ಹೀಗೆ ಆಣೆ ಇಟ್ಟುಕೊಂಡೇ ನಾನು ಜಮಾಲ್ ಮೇಷ್ಟ್ರಿಗೆ ಹೇಳಲು ಶುರು ಮಾಡಿದ್ದು. ಎಪ್ಪತ್ತೊಂಬತ್ತನೇ ಇಸವಿ, ಶನಿವಾರ ಮಧ್ಯಾಹ್ನ, ಚನ್ನಗಿರಿ ಬಸ್ ಸ್ಟ್ಯಾಂಡಿನ ಟೀ ಅಂಗಡಿ. ಸೂಳೆಕೆರೆ ದಂಡೆಯ ಶಾಲೆಯಿಂದ ನನಗೆ ಗೋವಿನಕೋವಿಗೆ ವರ್ಗವಾಗಿತ್ತು. ನನ್ನ ಜಾಗಕ್ಕೆ ಅವರು ಬಂದು ಎರಡು ದಿನ. ಮಗಳು ರಹಮತ್‌ಬೀಯನ್ನೂ ಅದೇ ಏಳನೇ ಕ್ಲಾಸಿಗೆ ಸೇರಿಸಿದ್ದರು. ಆ ಕ್ಲಾಸಿನ ಮಕ್ಕಳನ್ನು ಹೇಗೆ ಎಣಿಸಬಾರದು ಎಂದು ಅವರಿಗೆ ಹೇಳದೆ ನಾನು ತಾಲ್ಲೂಕು ಬಿಡುವಂತಿರಲಿಲ್ಲ.

ಏಳನೇ ಕ್ಲಾಸಿಗೆ ನಾನು ಜೋಡುಪದ ಕಲಿಸುತ್ತಿದ್ದೆ. ‘ಮಳೆಗಾಲ’ ಬರೆಯಿರಿ ಎಂದರೆ ಅರ್ಧ ಕ್ಲಾಸು ‘ಮಳೆಕಾಲ’ ಎಂದು ಬರೆಯುತ್ತಿತ್ತು, ಉಳಿದರ್ಧ ‘ಮಳೆಗಾಳ’. ಹೆಬ್ಬಾಗಿಲು ಎಂದರೇನು ಎಂದು ಕೇಳಿದ್ದಕ್ಕೆ, “ಹೆಬ್ಬಾವು ಬರೋ ಬಾಗ್ಲು ಸಾ” ಎಂದಿದ್ದ ಒಬ್ಬ. ಇನ್ನು ಪುಸ್ತಕ ನಂಬಿದರೆ ಆಗದೆಂದು ನಾನೇ ಒಂದು ಉಪಾಯ ಮಾಡಿದೆ. ಹದಿನಾರು ಜೋಡುಪದಗಳನ್ನು ಎರಡೆರಡು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಚೀಟಿಯಲ್ಲಿ ಬರೆದು ತಗಡಿನ ಡಬ್ಬಿಗೆ ಹಾಕಿದೆ. ಪ್ರತಿ ಮಗುವೂ ಒಂದು ಚೀಟಿ ಎತ್ತಬೇಕು, ತನ್ನ ಜೋಡಿ ಹುಡುಕಬೇಕು, ಇಬ್ಬರೂ ಕೈ ಹಿಡಿದು ಬೋರ್ಡಿಗೆ ಬಂದು ಕೂಡಿಸಿ ಬರೆದು ಅರ್ಥ ಹೇಳಬೇಕು. ಮಕ್ಕಳು ಮೂವತ್ತೊಂದು, ಚೀಟಿ ಮೂವತ್ತೆರಡು. ಡಬ್ಬಿಯ ತಳದಲ್ಲಿ ಉಳಿದ ಚೀಟಿ ನನ್ನದು. ಒಂಟಿಯಾದ ಮಗುವಿಗೆ ನಾನೇ ಜೋಡಿ.

ಅವತ್ತು ಹಾಜರಿ ಪುಸ್ತಕ ಹೆಡ್ ಮಾಸ್ತರ ಟೇಬಲ್ಲಿನ ಮೇಲಿತ್ತು. ಹಾಗಾಗಿ ತಲೆ ಮುಟ್ಟಿ ಎಣಿಸಿದೆ. ನಾನು ಜಗಳೂರು ಕಡೆಯ ಸೊಕ್ಕೆಯವನು. ನಮ್ಮಪ್ಪ ಕಣದಲ್ಲಿ ಜೋಳ ಅಳೆಯುತ್ತಿದ್ದವರು. ಅಳೆಯುವಾಗ ಮೊದಲ ಸೇರನ್ನು ಯಾರೂ ‘ಒಂದು’ ಎನ್ನುವುದಿಲ್ಲ. ರಾಶಿ ಹೆಚ್ಚಲಿ ಎಂದು ‘ಲಾಭ’ ಎನ್ನುತ್ತಾರೆ. ನನ್ನ ಬಾಯಿಗೂ ಅದೇ ಬಂತು.

“ಲಾಭ, ಎರಡು, ಮೂರು...”

ಮಕ್ಕಳು ನಕ್ಕರು. ನಾನೂ ನಕ್ಕೆ. ಕಾಳಿಗೆ ಹೇಳುವ ಮಾತನ್ನು ಮಕ್ಕಳ ತಲೆಗೆ ಹೇಳಬಾರದಿತ್ತು.

ಚೀಟಿ ಎತ್ತಿ ಮುಗಿದಾಗ ಡಬ್ಬಿ ಖಾಲಿ. ಹದಿನಾರು ಜೋಡಿ ಕೈ ಹಿಡಿದು ನಿಂತಿದ್ದವು. ಒಂಟಿ ಯಾರೂ ಇಲ್ಲ. ಮುಖಗಳನ್ನು ನೋಡಿದೆ, ಎಲ್ಲವೂ ಗೊತ್ತಿದ್ದ ಮುಖಗಳೇ. ಹಾಜರಿ ಪುಸ್ತಕ ತರಿಸಿ ಕೂಗಿದೆ. ಮೂವತ್ತೊಂದು ಹೆಸರಿಗೆ ಮೂವತ್ತೊಂದು ‘ಬಂದೀನಿ ಸಾ’. ಕೊನೆಯ ಜೋಡಿ ಬೋರ್ಡಿನ ಮೇಲೆ ‘ಕಣ್ಣೀರು’ ಎಂದು ಬರೆದಿತ್ತು. ಒತ್ತಕ್ಷರವೂ ತಪ್ಪಿರಲಿಲ್ಲ. ಅಕ್ಷರ ಮಾತ್ರ ಒದ್ದೆ. ಬರೆದವರು ಯಾರೆಂದು ಕೇಳಿದರೆ ಎಲ್ಲರೂ ಪಕ್ಕದವರನ್ನು ತೋರಿಸಿದರು.

ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಬಡಿಸುವವಳು ದುರುಗಮ್ಮ. ಅವಳ ಮಗಳು ಹಿಂದಿನ ವರ್ಷ ಆರನೇ ಕ್ಲಾಸಿನಲ್ಲಿದ್ದಳು. ಪಾತ್ರೆ ತೊಳೆಯಲು ಕೆರೆಗಿಳಿದವಳು ಮೇಲೆ ಬಂದಿರಲಿಲ್ಲ.

“ಎಷ್ಟು ತಟ್ಟೆ ಆದ್ವು ದುರುಗಮ್ಮ?”

“ಏಳನೇ ಕ್ಲಾಸಿಗೆ ಮೂವತ್ತೆರಡು ಮೇಷ್ಟ್ರೇ.”

“ಒಂದು ಹೆಚ್ಚಿಗೆ ಆತಲ್ಲ.”

“ಉಣ್ಣಾಕೆ ಕುಂತ ಮಗೀನ ಹೆಚ್ಚಿಗೆ ಅಂತಾರೇನ್ರೀ?” ಎಂದಳು. ಸೌಟು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. “ಹೆಂಗೆ ಎಣಿಸಿದ್ರೋ ಹಂಗೇ ಇರ್ಲಿ ಬಿಡ್ರಿ. ಕೈ ಮುಗಿತೀನಿ.”

ನಾನು ಹೆಡ್ ಮಾಸ್ತರ್ ಕೊಟ್ರಬಸಪ್ಪನವರ ಹತ್ತಿರ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಏನಯ್ಯಾ ಯರ್ರಿಸ್ವಾಮಿ, ಇದ್ದ ಮಕ್ಕಳೇ ಶಾಲೆ ಬಿಟ್ಟು ಹೋಗ್ತಿರುವಾಗ ನಿಂಗೆ ಒಂದು ಹೆಚ್ಚಿಗೆ ಬಂತಾ? ಸಂತೋಷ. ಆದ್ರೆ ರಿಜಿಸ್ಟರ್‌ನಾಗೆ ಇಲ್ಲದ್ದನ್ನ ನಾನು ನೋಡೋದಿಲ್ಲ. ಹೋಗು, ಒಂದರಿಂದ ಸರಿಯಾಗಿ ಎಣಿಸು.”

ಮತ್ತೆ ಜೋಡಿಗಳನ್ನು ನಿಲ್ಲಿಸಿದೆ. ಮುಂದೆ ನಿಂತಿದ್ದವಳು ರುದ್ರಾಣಿ. ಅವಳ ತಲೆಯ ಮೇಲೆ ಕೈಯಿಟ್ಟು “ಒಂ” ಎನ್ನುವಷ್ಟರಲ್ಲಿ ಅವಳ ಜೋಡಿಯ ಹುಡುಗಿ ಕಿರುಚಿದಳು.

“ಸಾ, ಇವಳ ಕೈ ಸಿಗ್ತಿಲ್ಲ!”

ನಿಜವಾಗಿಯೂ ಸಿಗುತ್ತಿರಲಿಲ್ಲ. ನನ್ನ ಅಂಗೈ ಕೆಳಗಿದ್ದ ಎಣ್ಣೆಗೂದಲು ತಣ್ಣಗಾಗಿ, ತೆಳ್ಳಗಾಗಿ, ನೀರನ್ನು ಮುಟ್ಟಿದಂತಾಯಿತು. ಉಳಿದರ್ಧ ನುಂಗಿಕೊಂಡು “ಲಾಭ!” ಎಂದು ಕೂಗಿದೆ. ರುದ್ರಾಣಿ ಸೀನಿದಳು. ಕೈ ತಿರುಗಿ ಬಂತು.

ಅವತ್ತೇ ನನಗೆ ತಿಳಿದದ್ದು. ಲೆಕ್ಕ ಸರಿ ಮಾಡಿದರೆ ಬಂದವಳು ಹೋಗುವುದಿಲ್ಲ. ‘ಒಂದು’ ಎನ್ನುವಾಗ ಯಾರ ತಲೆಯ ಮೇಲೆ ಕೈಯಿರುತ್ತದೋ ಅವರು ಹೋಗುತ್ತಾರೆ. ಆಮೇಲಿನ ಮೂರು ತಿಂಗಳು ನಾನು ಹೆಸರು ಕೂಗಿದ್ದೇ ಹೊರತು ತಲೆ ಎಣಿಸಲಿಲ್ಲ. ಹೆಡ್ ಮಾಸ್ತರಿಗೆ ಲೆಕ್ಕ ಸರಿಯಾಯಿತು ಎಂದೆ. ದುರುಗಮ್ಮ ಮೂವತ್ತೆರಡು ತಟ್ಟೆ ಹಾಕುತ್ತಿದ್ದಳು. ಮೂವತ್ತೆರಡೂ ಖಾಲಿಯಾಗುತ್ತಿದ್ದವು.

ಇಷ್ಟು ಹೇಳುವಷ್ಟರಲ್ಲಿ ಜಮಾಲ್ ಮೇಷ್ಟ್ರು ತೊಡೆ ತಟ್ಟಿಕೊಂಡು ನಗುತ್ತಿದ್ದರು.

“ಮಸ್ತ್ ಬಿಡ್ತೀರಿ ಬಿಡ್ರೀ! ಇವತ್ತು ಬೆಳಿಗ್ಗೆ ನಾನೇ ತಲೆ ಮುಟ್ಟಿ ಎಣಿಸೀನಿ. ರಿಜಿಸ್ಟರ್‌ಗೂ ತಲೆಗೂ ಸರಿ ಬಂತು. ನಮ್ಮ ರಹಮತ್ ಸೇರಿ ಮೂವತ್ತೆರಡು.”

“ಮೂವತ್ತೆರಡಾ?”

“ಹೂಂ. ಸರಿ ಐತಲ್ಲ?”

“ರಹಮತ್ ಸೇರಿದ್ರೆ ಮೂವತ್ಮೂರು ಬರ್ಬೇಕಿತ್ತಲ್ರೀ.”

ಅವರ ನಗು ನಿಂತಿತು.

“ಏನಂತ ಶುರು ಮಾಡಿದ್ರಿ?” ಎಂದೆ.

“ಒಂದು ಅಂತ. ಮತ್ತೇನಂತಾರೆ?”

“ಯಾರ ತಲೆ ಮೇಲೆ ಕೈ ಇಟ್ಟು?”

ಜಮಾಲ್ ಮೇಷ್ಟ್ರು ತಮ್ಮ ಅಂಗೈ ನೋಡಿಕೊಂಡರು. “ಮುಂದಿನ ಬೆಂಚು. ನಮ್ಮ ಹುಡುಗೀನೇ ಮೊದ್ಲು ಕುಂತಿದ್ಲು. ಒಂದು ಅನ್ನೋದ್ರಾಗೆ ಕೈ ಜಾರಿ ಪಕ್ಕದ ತಲೆ ಮೇಲಿತ್ತು. ಅದನ್ನೇ ಒಂದು ಅಂತ ಹಿಡಿದು ಎಣಿಸ್ಕೊಂತ ಹಿಂದಕ್ಕೆ ಹೋದೆ, ಹಿಂದಿನ ಬಾಗ್ಲಿಂದ ಹಂಗೇ ಬಸ್ಸಿಗೆ ಬಂದೆ. ತಿರುಗಿ ನೋಡ್ಲಿಲ್ಲ ಸಾ.”

“ಗಾಬರಿ ಆಗ್ಬ್ಯಾಡ್ರಿ. ಕುಂತ್ಕೊಳ್ರಿ.”

ಅವರು ಆಗಲೇ ಎದ್ದಿದ್ದರು. ಸೂಳೆಕೆರೆ ಕಡೆಗೆ ಹೊರಟ ಬಸ್ಸು ಸ್ಟ್ಯಾಂಡು ದಾಟುತ್ತಿತ್ತು. ನಾನು ಬೆನ್ನ ಹಿಂದಿನಿಂದ ಕೂಗಿದೆ:

“ಮೇಷ್ಟ್ರೇ, ದಾರಿ ಐತೆ ನಿಲ್ರೀ! ಹೋದೇಟಿಗೆ ದುರುಗಮ್ಮನ್ನ ಕರೀರಿ, ಅವಳ ಕೈಲೇ ಮೊದ್ಲು ಆ ಖಾಲಿ ಜಾಗ ಮುಟ್ಟಿಸಿ ಲಾಭ ಅಂತ—”