ಭೀಮರಾಯ ಹೊಕ್ಕ ತಪ್ಪು ಕೋಣೆ

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಆ ತವರು ಸಾಂತಾಕ್ರೂಜ್‌ನ ಚಾಳಿನಲ್ಲಿ ಒಂದೇ ಖೋಲಿಯಾದರೂ ತವರು ತವರೇ. ಹನುಮವ್ವ ಹಳೆಯ ಸೀರೆಗಳನ್ನು ಒಗೆದು, ಮಡಿಸಿ, ಕೂಸಿಗೆಂದು ಎತ್ತಿಟ್ಟಿದ್ದಳು. ಆದರೆ ಮುಲುಂಡ್‌ನ ಗಂಡನ ಮನೆಯಿಂದ ಬಂದ ಮಗಳು ಸೋಮವ್ವ ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು:

“ಅಪ್ಪ ಕುಡಿಯೋದು ಬಿಡೂತನಕ ನಾ ಬಾಣಂತನಕ್ಕ ಇಲ್ಲಿಗೆ ಬರಂಗಿಲ್ಲವ್ವಾ. ತೂರಾಡೋ ಕೈಯಾಗ ನನ್ನ ಕೂಸು ಕೊಡಂಗಿಲ್ಲ.”

ಅಪ್ಪ ಭೀಮರಾಯ ಗೌಂಡಿ ಕೆಲಸದವನು. ಅವನು ಕಟ್ಟಿದ ಗೋಡೆ ನೆಟ್ಟಗೆ ನಿಲ್ಲುತ್ತಿತ್ತು. ಸಂಜೆಯಾದರೆ ಅವನೇ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹನುಮವ್ವ ಅಳುತ್ತ ಕೂರಲಿಲ್ಲ. ದವಾಖಾನೆಗೆ ಹೋಗಿ ವಿಚಾರಿಸಿ ಬಂದಳು.

“ಪಾರ್ಲೆ ಸ್ಟೇಷನ್ ಬಾಜೂಕಿನ ಸಾಲ್ಯಾಗ ಐತ್ವಾರ ಸಂಜೀಕ ಮೀಟಿಂಗ್ ಆಗ್ತದಂತ. ಕುಡಿತ ಬಿಟ್ಟವ್ರು, ಬಿಡಬೇಕನ್ನೋರು ಕೂಡಿ ಕುಂದರ್ತಾರಂತ. ಒಂದ್ಸಲ ಹೋಗಿ ಬರ್ರಿ.”

“ಕುಡುಕ್ರ ಜೋಡಿ ಕುಂತ್ರ ಕುಡಿತ ಬಿಡ್ತದಂದ್ರ, ದಿನಾ ಅಡ್ಡಾದಾಗ ಕುಂತು ನಾ ಯಾವಾಗೋ ಬಿಡಬೇಕಿತ್ತಲ್ಲ!”

“ಅಡ್ಡಾದಾಗ ಬಿಡಬೇಕಂತ ಯಾರು ಕುಂದರ್ತಾರ್ರಿ?”

ಒಳಗೊಳಗೇ ಭೀಮರಾಯನಿಗೆ ಹೆದರಿಕೆ. ನಾಲ್ಕು ಜನರೆದುರು ‘ನಾನು ಕುಡುಕ’ ಎಂದರೆ ಮಾನ ಉಳಿದೀತೆ? ಆದರೆ ಮಗಳ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆ ಭಾನುವಾರ ಕುಡಿಯದೆ, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಗೂ ಹೇಳದೆ ಲೋಕಲ್ ರೈಲು ಹತ್ತಿದ.

ಸಾಲೆಯ ಕೆಳಗಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಕನ್ನಡಕದ ಗಂಡಸರು, ರೇಷ್ಮೆ ಸೀರೆಯ ಹೆಂಗಸರು. ‘ಇಂಥಾ ದೊಡ್ಡ ಮಂದಿನೂ ಕುಡೀತಾರಾ!’ ಎಂದು ಭೀಮರಾಯನಿಗೆ ಧೈರ್ಯವೇ ಬಂತು. ಅಲ್ಲಿ ನೀರಿನ ಟಾಕಿ ಸೋರುವ ಬಗ್ಗೆ ಜೋರು ಜಗಳ ನಡೆದಿತ್ತು. ದಾರೂ ವಿಷಯ ಆಮೇಲೆ ಬಂದೀತೆಂದು ಅವನು ಕಾದ. ಬರಲೇ ಇಲ್ಲ. ಕೊನೆಗೆ ಮುಂದೆ ಕೂತಿದ್ದ ಹಿರಿಯರು, ಇನ್ನು ಯಾರಿಗಾದರೂ ಹೇಳುವುದಿದ್ದರೆ ಸಂಕೋಚ ಬೇಡ ಎಂದು ಹಿಂದಿಯಲ್ಲಿ ಕೇಳಿದರು. ಭೀಮರಾಯ ಕಣ್ಣು ಮುಚ್ಚಿ ಎದ್ದು ನಿಂತ.

“ಮೈ ಭೀಮರಾಯ. ಬಹುತ್ ದಾರೂ ಪೀತಾ ಹೂಂ. ಛೋಡನಾ ಹೈ.”

ಬಹಳ ಕುಡಿಯುತ್ತೇನೆ, ಬಿಡಬೇಕು ಎಂದು ಹೇಳಿಯೇಬಿಟ್ಟಿದ್ದ. ಹಿಂದೆ ಯಾರೋ ಕಿಸಕ್ಕೆಂದರು. ಆಗ ಒಬ್ಬ ಹೆಂಗಸು ಎದ್ದು ಅವನ ಹತ್ತಿರ ಬಂದರು. ಅವರ ಹೆಸರು ವಿಮಲಾ.

“ಕನ್ನಡದವರಾ? ಇದು ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗು ಕಣ್ರೀ. ನಿಮ್ಮದು ಮೇಲಿನ ಮಹಡೀಲಿ. ಬನ್ನಿ, ನನಗೆ ದಾರಿ ಗೊತ್ತು.”

ಮೆಟ್ಟಿಲ ಬುಡದಲ್ಲಿ ಭೀಮರಾಯ ನಿಂತುಬಿಟ್ಟ. “ಮಾನ ಹೋತ್ರೀ ಬಾಯಾರ. ನಾ ಮನಿಗಿ ಹೋಗ್ತೀನಿ.”

“ಕಷ್ಟದ ಮಾತನ್ನ ಆಗಲೇ ಹೇಳಿಬಿಟ್ರಲ್ಲ! ಅದೂ ಟಾಕಿಗೋಸ್ಕರ ಕಿತ್ತಾಡೋ ನಮ್ಮ ಮುಂದೆ. ಮೇಲಿರೋರು ಅದನ್ನ ಅನುಭವಿಸಿದೋರು, ನಗಲ್ಲ. ಅಲ್ಲಿ ಫೀಸಿಲ್ಲ, ಮನೆತನ ಕೇಳಲ್ಲ. ಮಾತಾಡಲೇಬೇಕು ಅಂತಾನೂ ಇಲ್ಲ, ಸುಮ್ನೆ ಕೇಳಿಸ್ಕೊಂಡು ಬರಬಹುದು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತೆ.”

“ನಿಮಗ ಇದೆಲ್ಲಾ ಹ್ಯಾಂಗ ಗೊತ್ರಿ?”

ವಿಮಲಾ ನಕ್ಕು ಮುಂದೆ ನಡೆದರು. ಭೀಮರಾಯ ಹಿಂದೆ ಹತ್ತಿದ.

ಮೇಲಿನ ಕೋಣೆಯಲ್ಲಿ ಒಬ್ಬರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟು, ಕೈಗೆ ಚಹಾ ಇಟ್ಟರು. “ನಾನು ಶಾಮಣ್ಣ. ಈಗ ನಿಮ್ಮನ್ನ ಕರ್ಕೊಂಡು ಬಂದವಳು ನನ್ನ ಹೆಂಡತಿ. ನಾನು ಮೊದಲ ಸಲ ಈ ಬಾಗಿಲ ತನಕ ಬಂದು ವಾಪಸ್ ಓಡಿಹೋದವನು. ನೀವೇ ವಾಸಿ.”

ಎಷ್ಟೋ ದಿನಗಳ ಮೇಲೆ ಭೀಮರಾಯ ಕುಡಿಯದೇ ನಕ್ಕ. ಒಬ್ಬ ಟ್ಯಾಕ್ಸಿ ಚಾಲಕ, ಒಬ್ಬ ಮಿಲ್ ಕೆಲಸಗಾರ ತಮ್ಮ ತಮ್ಮ ಕಥೆ ಹೇಳಿದರು. ಎಲ್ಲದರಲ್ಲೂ ಅವನಿಗೆ ತನ್ನ ಮನೆಯೇ ಕಂಡಿತು.

ಹೊರಡುವಾಗ ಶಾಮಣ್ಣ ಹೇಳಿದರು: “ಜನ್ಮಪೂರ್ತಿ ಬಿಡ್ತೀನಿ ಅಂತ ಆಣೆ ಹಾಕಬೇಡಿ. ಇವತ್ತೊಂದು ದಿನ ಕುಡಿಯಲ್ಲ ಅನ್ನಿ. ನಾಳೆ ಎದ್ದು ಮತ್ತೆ ಹಾಗೇ ಅನ್ನಿ. ಆದ್ರೆ ದಿನಾ ಕುಡಿಯೋರು ಒಮ್ಮೆಲೇ ಬಿಟ್ರೆ ಕೈ ನಡುಗುತ್ತೆ, ಕೆಲವರಿಗೆ ಪ್ರಾಣಕ್ಕೇ ಕುತ್ತು ಬರುತ್ತೆ. ಮೊದಲು ಡಾಕ್ಟರಿಗೆ ತೋರಿಸೋಣ. ನಾನೂ ಜೊತೆಗೆ ಬರ್ತೀನಿ.”

ಮಾತಿನಂತೆ ಬಂದರು. ಭೀಮರಾಯನಿಗೆ ಔಷಧಿಯೂ ಸಿಕ್ಕಿತು, ಜೊತೆಯೂ ಸಿಕ್ಕಿತು. ದೀಪಾವಳಿಯಲ್ಲಿ ಒಮ್ಮೆ ಜಾರಿ ಕುಡಿದುಬಿಟ್ಟು, ಮುಖ ತೋರಿಸಲು ನಾಚಿ ಮನೆಯಲ್ಲೇ ಕೂತ. ಹನುಮವ್ವ ತಾನೇ ಮೀಟಿಂಗಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಬೈಯಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು, ಚಹಾ ಕೊಟ್ಟರು. ಅಂದಹಾಗೆ, ಆ ಸೊಸೈಟಿಯ ಟಾಕಿ ಸೋರದ ಹಾಗೆ ಮಾಡಿದವನೂ ಭೀಮರಾಯನೇ.

ಅಪ್ಪನನ್ನು ಕಣ್ಣಾರೆ ನೋಡಿ ನಂಬಿಕೆ ಬಂದ ಮೇಲೆ ಸೋಮವ್ವ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು.

ಒಂದು ಭಾನುವಾರ ಸಂಜೆ ಕೂಸು ಅಜ್ಜನ ಕೈಯಲ್ಲೇ ನಿದ್ದೆ ಹೋಗಿತ್ತು. ಭೀಮರಾಯನಿಗೆ ಏಳಲು ಮನಸ್ಸಿಲ್ಲ.

“ಇವತ್ತೊಂದಿನ ಮೀಟಿಂಗಿಗಿ ಹೋಗಲಿಲ್ಲಂದ್ರ ಏನಾಗ್ತದ? ಕೂಸು ಈಗರ ಮಲಗ್ಯಾದ.”

ಸೋಮವ್ವ ಕೈ ಚಾಚಿದಳು. “ಕೊಡಪ್ಪಾ ಇತ್ತ. ನೀ ಹೋಗಿ ಬಾ. ಬಂದಮ್ಯಾಲ ಮತ್ತ ನಿನ್ನ ಕೈಯಾಗೇ ಕೊಡ್ತೀನಿ.”

ಅವನು ಹೋಗಿ ಬಂದ. ಅವಳು ಕೊಟ್ಟಳು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕುಡಿತ ಒಂದು ಕಾಯಿಲೆ. ಅದಕ್ಕೆ ಮದ್ದೂ ಇದೆ, ಜೊತೆಗಾರರೂ ಇದ್ದಾರೆ. ಇಂಥ ಮೀಟಿಂಗು ಎಲ್ಲಿ ನಡೆಯುತ್ತದೆಂದು ನಿಮ್ಮ ಹತ್ತಿರದ ದವಾಖಾನೆಯಲ್ಲಿ ಇವತ್ತೇ ಕೇಳಿ. ತಪ್ಪು ಕೋಣೆಗೆ ಹೋದರೂ ನಾಚಬೇಡಿ. ಸರಿಯಾದ ಕೋಣೆ ಯಾವುದೆಂದು ಕೇಳಿ, ಮೆಟ್ಟಿಲು ಹತ್ತಿ.