ಪಾಸಾಗಲು ಒಲ್ಲದ ಲವೊಂಡ

ವಾಷಿಂಗ್ಟನ್ನಿನಿಂದ ಬರುತ್ತಿದ್ದ ಅನುದಾನ ಈ ತಿಂಗಳಿಗೆ ಕೊನೆಯಾಯಿತು. ಸಿಕ್ಕಿಬಿದ್ದವರನ್ನು ಜೈಲಿಗೆ ಕಳಿಸುವ ಬದಲು ವಾರವಾರ ಕರೆಸಿ, ಪರೀಕ್ಷಿಸಿ, ನಶೆ ಬಿಡಿಸುವ ಕೋರ್ಟು ನಮ್ಮದು. ಇದರಲ್ಲಿರುವ ಎಲ್ಲರನ್ನೂ ಶುಕ್ರವಾರ ಚಟ ಬಿಟ್ಟರೆಂದು ಪಾಸು ಮಾಡಿ ಕಳಿಸಿಬಿಡಿ ಎಂದು ಮೇಲಿನವರು ಹೇಳಿದರು. ಅರೆಬೆಂದದ್ದನ್ನೇ ಬಡಿಸಿ ಕೈತೊಳೆದುಕೊಂಡ ಹಾಗೆ. ಈ ಜನರನ್ನು ನೋಡಿಕೊಳ್ಳುವ ಕೆಲಸ ನನ್ನದು. ಎಷ್ಟು ಸಲ ಅಂತ ಜಗಳವಾಡುವುದು? ಸುಮ್ಮನೆ ತಲೆಯಾಡಿಸಿದೆ.

ಸುದ್ದಿ ಹೇಳಿದಾಗ ಲವೊಂಡಳ ಮುಖ ಬಿಳಿಚಿಕೊಂಡಿತು. ಗಣಿಯೂರಿನ ಹೆಣ್ಣು. ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು ಮನೆ ಮಕ್ಕಳನ್ನು ಕಳೆದುಕೊಂಡವಳು, ಚಳಿಗಾಲದಿಂದ ಒಂದನ್ನೂ ಮುಟ್ಟಿರಲಿಲ್ಲ. ವಾರವಾರ ಬಂದು ಜಡ್ಜ್ ಸ್ಟಿಡಮ್ ಎದುರು ನಿಲ್ಲಬೇಕಲ್ಲ, ಆ ಭಯವೇ ಅವಳನ್ನು ಹಿಡಿದಿಟ್ಟಿತ್ತು.

"ನಾನಿನ್ನೂ ಗಟ್ಟಿಯಾಗಿಲ್ಲ ಕಣಕ್ಕಾ. ಬಿಟ್ರೆ ಬಿದ್ದೋಗ್ತೀನಿ."

"ನನ್ನ ಕೈಲಿ ಏನಿದೆ ಹೇಳು?" ಎಂದೆ. ಈ ಮಾತು ಹೇಳಿ ಹೇಳಿ ನನಗೇ ಬೇಸರ ಬಂದಿತ್ತು.

ನಮ್ಮಲ್ಲಿ ಒಂದು ಪದ್ಧತಿ. ಮತ್ತೆ ನಶೆ ಮಾಡಿ ತಪ್ಪಿದ್ದನ್ನು ತಾವಾಗಿ ಒಪ್ಪಿಕೊಂಡವರಿಗೆ ಬೈದು, ಪಾಸು ಮಾಡದೆ, ಕೋರ್ಟಿನಲ್ಲೇ ಉಳಿಸಿಕೊಳ್ಳುತ್ತಾರೆ. ಸುಳ್ಳು ಹೇಳಿದವರಿಗೆ ಜೈಲು. ಶುಕ್ರವಾರ ಲವೊಂಡ ಎದ್ದು ನಿಂತಳು.

"ನಿನ್ನೆ ಮಾತ್ರೆ ತಗೊಂಡೆ ಸಾರ್."

ಅವಳ ಆ ಬೆಳಗಿನ ಮೂತ್ರಪರೀಕ್ಷೆಯ ಫಲಿತಾಂಶ ನನ್ನ ಕೈಯಲ್ಲಿತ್ತು. ಜಡ್ಜ್ ನನ್ನತ್ತ ನೋಡಿದರು.

"ಏನೂ ಇಲ್ಲ ಸಾರ್, ಶುದ್ಧವಾಗಿದೆ" ಎಂದೆ. ಹೇಳದೆ ವಿಧಿಯಿರಲಿಲ್ಲ. ಹೇಳಿದ್ದಕ್ಕೆ ನಾಚಿಕೆಯೂ ಆಯಿತು.

ಜಡ್ಜ್ ಕನ್ನಡಕ ತೆಗೆದರು. "ಕುಡಿದೋರು ಕುಡಿದಿಲ್ಲ ಅನ್ನೋದು ಕೇಳಿ ಕೇಳಿ ಮುದುಕನಾದೆ. ನಿನ್ನದೇನಮ್ಮ ಇದು ಹೊಸ ವರಸೆ?"

"ತಪ್ಪಿದೋರನ್ನ ಪಾಸು ಮಾಡಲ್ವಲ್ಲ ಸಾರ್."

"ನಿನ್ನ ಫೇಲು ಮಾಡಿದ್ರೂ ಸೋಮವಾರ ಇಲ್ಲಿ ಯಾರೂ ಇರಲ್ಲ ತಾಯಿ. ಬೀಗ ಬೀಳುತ್ತೆ."

ಲವೊಂಡ ಒಂದು ಹೆಜ್ಜೆ ಮುಂದೆ ಬಂದಳು.

"ಹಂಗಾದ್ರೆ ಸುಳ್ಳು ಹೇಳಿದ್ದಕ್ಕೆ ಜೈಲಿಗೇ ಹಾಕಿ. ಅದಕ್ಕೆ ದುಡ್ಡು ಮುಗಿದಿಲ್ವಲ್ಲ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಜಡ್ಜ್ ನಗಲಿಲ್ಲ. ಅವರೂ ನನ್ನಷ್ಟೇ ದಣಿದಿದ್ದರು.

"ಎರಡು ರಾತ್ರಿ ಜೈಲು," ಎಂದರು ಮೆಲ್ಲಗೆ. "ನನ್ನ ಕೈಲಿ ಇಷ್ಟೇ ಆಗೋದು."

ಪೊಲೀಸಿನವನು ಹತ್ತಿರ ಬರುವ ಮೊದಲೇ ಲವೊಂಡ ಬೇಡಿ ಹಾಕಿಸಿಕೊಳ್ಳಲು ಎರಡೂ ಕೈ ಮುಂದಕ್ಕೆ ಚಾಚಿದ್ದಳು.

"ದೇವ್ರು ನಿಮಗೆ ಒಳ್ಳೇದು ಮಾಡ್ಲಿ ಸಾರ್" ಎಂದಳು.