ಹುಳುಮನೆಗೆ ಬಂದ ರೂಲ್ಸು

ಶೋಭಾರಾಣಿ ಹೆದರುತ್ತಿದ್ದದ್ದು ಎರಡಕ್ಕೇ: ಊಜಿ ನೊಣಕ್ಕೆ ಮತ್ತು ಸರ್ಕಾರದ ರೂಲ್ಸಿಗೆ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಆ ನೊಣ ಬರದ ಹಾಗೆ, ಹುಳು ಸಾಕುವ ಹುಳುಮನೆಯ ಕಿಟಕಿಗಳಿಗೆಲ್ಲ ಪರದೆ ಕಟ್ಟಿದ್ದಳು. ರೂಲ್ಸಿಗೆ ಯಾವ ಪರದೆ ಕಟ್ಟುವುದು? ಹಾಗಾಗಿ ಮಂಡಿಕಲ್ ಕಡೆಯ ಅವಳ ಊರಿಗೆ ಚಿಂತಾಮಣಿಯ ಹರಿಕೃಷ್ಣ ಬಂದು ಆ ಪದ ಉಚ್ಚರಿಸಿದ್ದೇ ತಡ, ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಟ್ಟಳು.

ಹರಿಕೃಷ್ಣ ಬೆಂಕಿ ಆರಿಸುವ ಸಾಮಾನು ಮಾರುವವನು. ಹಾಗೆಂದು ಅವನು ಬಾಯಿಬಿಟ್ಟು ಹೇಳಬೇಕಲ್ಲ! ಖಾಕಿಗೆ ಹತ್ತಿರದ ಬಣ್ಣದ ಅಂಗಿ, ಕೊರಳಲ್ಲಿ ಕೆಂಪು ದಾರದ ಕಾರ್ಡು, ಕಂಕುಳಲ್ಲಿ ಫೈಲು. ಜನ ಅಗ್ನಿಶಾಮಕದ ಸಾಹೇಬರೆಂದುಕೊಂಡರೆ ಪುಣ್ಯಾತ್ಮ ತಿದ್ದುತ್ತಲೂ ಇರಲಿಲ್ಲ.

“ಅಕ್ಕಾ, ಇಷ್ಟು ದಿನ ಕಲ್ಯಾಣ ಮಂಟಪ, ಆಸ್ಪತ್ರೆ ಇಂಥವಕ್ಕೆ ಮಾತ್ರ ಇತ್ತು. ಈಗ ಹುಳುಮನೆನೂ ಕಟ್ಟಡದ ಲೆಕ್ಕಕ್ಕೆ ಬಂದೈತೆ. ಯುಗಾದಿ ಒಳಗೆ ಫೈರ್ ಸಿಸ್ಟಮ್ ಹಾಕಿಸ್ದಿದ್ರೆ ಬೀಗ ಜಡೀತಾರೆ. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ನಿಮ್ಮ ಗೂಡು ಇಳಿಸ್ಕೊಳ್ಳೋದೂ ಇಲ್ಲ.”

ಅವನ ಸಿಸ್ಟಮ್ ಅಂದರೆ ಮೇಲಿಂದ ತೂಗುಹಾಕುವ ಒಂದು ಕೆಂಪು ಬುರುಡೆ. ಅದರ ಬುಡದಲ್ಲೊಂದು ಗಾಜಿನ ಕಡ್ಡಿ. ಬಿಸಿ ಹೆಚ್ಚಾದರೆ ಕಡ್ಡಿ ಒಡೆದು, ಒಳಗಿನ ಪುಡಿ ರಭಸದಿಂದ ಸುರಿದು ಬೆಂಕಿ ಆರಿಸುತ್ತದಂತೆ.

“ಪುಡಿ ಹುಳದ ಮೇಲೆ ಬಿದ್ರೆ?” ಎಂದು ಶೋಭಾರಾಣಿ ಕೇಳಿದಳು. ಕೇಳಬೇಕಾದ್ದನ್ನೇ ಕೇಳಿದ್ದಳು.

“ನೀವು ಜ್ವರದಾಗ ಸುಣ್ಣ ಉದುರಿಸಲ್ವಾ? ಅದೇ ಥರ ಇದು.”

ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತನ್ನು ಈ ಕಡೆ ಜ್ವರ ಅನ್ನುತ್ತಾರೆ. ಆಗ ಸುಣ್ಣದ ಪುಡಿ ಉದುರಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಆ ಒಂದು ಮಾತಿಗೆ ಅವಳು ಸೋತಳು. ಬುರುಡೆಯನ್ನು ಎಲ್ಲಿ ಕಟ್ಟುವುದೆಂಬ ಪ್ರಶ್ನೆ ಬಂದಾಗ, ಬೆಂಕಿ ಇರುವಲ್ಲಿಯೇ ಕಟ್ಟಬೇಕು ತಾನೇ ಎಂದು ಗಂಡ ಗಂಗರಾಜು ಇದ್ದಿಲ ಒಲೆಯ ನೆತ್ತಿ ತೋರಿಸಿದ. ಹರಿಕೃಷ್ಣ “ಕರೆಕ್ಟ್ ಸಾರ್” ಎಂದು ಅಲ್ಲಿಯೇ ಕಟ್ಟಿಹೋದ. ಚಳಿಗಾಲದಲ್ಲಿ ಹುಳುಗಳಿಗೆ ಶಾಖ ಬೇಕೆಂದು ಆ ಒಲೆ ದಿನವಿಡೀ ಉರಿಯುತ್ತದೆ ಎಂಬುದು ಮೂವರಿಗೂ ತಿಳಿದಿತ್ತು. ತಿಳಿದೂ ಯಾರ ತಲೆಗೂ ಹೊಳೆಯಲಿಲ್ಲ. ರೂಲ್ಸು ಅಂದ ಮೇಲೆ ತಲೆ ಯಾಕೆ ಓಡಿಸಬೇಕು, ಅಲ್ಲವೇ?

ಗಂಗರಾಜುವಿಗೆ ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸ. ಹುಳುಮನೆ ಪೂರ್ತಿ ಶೋಭಾರಾಣಿಯದು. ರಜೆಯ ದಿನ ಮಾತ್ರ ಅವನು ಒಲೆ ನೋಡಿಕೊಳ್ಳುತ್ತಿದ್ದ. ನಾಲ್ಕನೇ ಜ್ವರ ಕಳೆದು, ಹುಳುಗಳು ದಪ್ಪಗೆ ಮೈತುಂಬಿಕೊಂಡು, ಹಣ್ಣಾಗಿ ಗೂಡು ಕಟ್ಟಲು ಇನ್ನೇನು ಬಂದವು ಎನ್ನುವಾಗ ಅಂಥದೊಂದು ರಜೆ ಬಂತು. ಬೆಳಿಗ್ಗೆ ಮಂಜು ದಟ್ಟವಾಗಿದ್ದರಿಂದ ಅವನು ಒಲೆಗೆ ಇದ್ದಿಲು ಧಾರಾಳವಾಗಿ ಸುರಿದು, ಗಾಳಿ ಬೀಸಿ, ಟೀ ಕುಡಿಯಲು ಹೋದ.

ಢಬ್ ಎಂಬ ಸದ್ದಿಗೆ ತೋಟದಿಂದ ಓಡಿಬಂದ ಶೋಭಾರಾಣಿಗೆ ಒಳಗೆ ಏನೂ ಕಾಣಿಸಲಿಲ್ಲ. ಪುಡಿಯ ಮೋಡ ಇಳಿದ ಮೇಲೆ ನೋಡಿದರೆ ತಟ್ಟೆ ತಟ್ಟೆಯೂ ಬೆಳ್ಳಗೆ, ಸೊಪ್ಪೂ ಬೆಳ್ಳಗೆ, ಹುಳುಗಳೂ ಬೆಳ್ಳಗೆ. ಬೆಂಕಿಯ ಕಿಡಿಯೊಂದೂ ಎಲ್ಲಿಯೂ ಹಾರಿರಲಿಲ್ಲ. ಗಂಗರಾಜು ಹರಿಕೃಷ್ಣನಿಗೆ ಫೋನು ಮಾಡಿದ. “ಗಾಬರಿ ಬೇಡ ಸಾರ್, ಮೇಲೆ ಹೊಸ ಸೊಪ್ಪು ಹಾಕ್ರಿ, ತಿಂತಾವೆ,” ಎಂದ ಅವನು.

ಅವಳು ಹೊಸ ಸೊಪ್ಪು ಹಾಕಿದಳು. ಹುಳುಗಳು ತಲೆಯೆತ್ತಿ ಆಡಿಸಿದವೇ ಹೊರತು ಬಾಯಿ ಹಾಕಲಿಲ್ಲ. ಸೊಪ್ಪು ತಿನ್ನುವಾಗ ಮನೆಯಿಡೀ ತುಂಬುವ ಆ ಸರಸರ ಸದ್ದು ನಿಂತುಹೋಯಿತು. ಮಾರನೆಯ ದಿನ ಅವು ಮೆತ್ತಗಾಗಿ ಕಪ್ಪಿಟ್ಟವು. ಗುಂಡಿ ತೆಗೆಸಿ ಬುಟ್ಟಿಗಟ್ಟಲೆ ಹೂಳುವಾಗ ಶೋಭಾರಾಣಿ ಗಟ್ಟಿಯಾಗಿಯೇ ಅತ್ತಳು. ಮಕ್ಕಳ ಹಾಗೆ ಸಾಕಿದ್ದಳು, ಅಳದೇ ಇರುತ್ತಾಳೆಯೇ.

ಅತ್ತು ಮುಗಿಸಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದಳು. ಅಗ್ನಿಶಾಮಕ ಠಾಣೆಯಲ್ಲಿದ್ದ ಅಧಿಕಾರಿ ಎಲ್ಲ ಕೇಳಿಸಿಕೊಂಡು, “ನಿಮ್ಮ ಹುಳುಮನೆಗೆ ಅಂಥ ರೂಲ್ಸೇ ಇಲ್ಲಮ್ಮ. ಒಲೆ ಪಕ್ಕ ಮರಳು, ನೀರು ಇಟ್ಕೊಳ್ಳಿ ಸಾಕು. ನಾವು ಯಾರನ್ನೂ ಕಳಿಸಿಲ್ಲ,” ಎಂದರು.

ವಾಪಸು ಬರುವಾಗ, ಪೆರೇಸಂದ್ರ ದಾಟುತ್ತಿದ್ದಂತೆ, ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಬೆಳ್ಳಗಾದ ತಟ್ಟೆಗಳ ಮುಂದೆ ಅವಳ ಗಂಡನೇ ನಿಂತಿದ್ದ. “ರೂಲ್ಸ್ ಪ್ರಕಾರ ಹಾಕ್ಸಿದ್ವಿ. ಬೆಂಕಿ ಬಿತ್ತು. ಸಿಸ್ಟಮ್ ಇದ್ದಿದ್ದಕ್ಕೆ ಮನೆ ಉಳೀತು,” ಅನ್ನುತ್ತಿದ್ದ. ಪಕ್ಕದಲ್ಲಿ ಹರಿಕೃಷ್ಣ ಮದುವೆ ಗಂಡಿನ ಹಾಗೆ ನಗುತ್ತಿದ್ದ.

ಮನೆಗೆ ಬಂದವಳೇ ಫೋನನ್ನು ಗಂಡನ ಮುಖಕ್ಕೆ ಹಿಡಿದಳು. “ಎಲ್ಲಿ ಬಿದ್ದಿತ್ರೀ ಬೆಂಕಿ?”

“ನೀನು ಗುಂಡಿ ಹತ್ರ ಇದ್ದಾಗ ಬಂದಿದ್ದ,” ಎಂದ ಗಂಗರಾಜು, ಎತ್ತಲೋ ನೋಡುತ್ತಾ. “ಇನ್ನೇನ್ ಹೇಳ್ಲಿ? ಒಲೆ ಮೇಲೆ ನಾನೇ ಕಟ್ಟಿಸ್ದೆ, ನಾನೇ ಇದ್ದಿಲು ಸುರಿದೆ ಅನ್ಲಾ? ಊರೆಲ್ಲ ನಗಲ್ವಾ?”

ಟೋಪಿ ಹಾಕಿಸಿಕೊಂಡ ಪೆದ್ದ ಅನ್ನಿಸಿಕೊಳ್ಳುವುದಕ್ಕಿಂತ ಬೆಂಕಿ ಗೆದ್ದ ಜಾಣ ಅನ್ನಿಸಿಕೊಳ್ಳುವುದು ಅವನಿಗೆ ಹಿತವಾಗಿತ್ತು. ಅವಳಿಗೆ ಗಂಡನ ಮೇಲೆ ಹುಟ್ಟಿದ್ದು ಸಿಟ್ಟಲ್ಲ, ಅಸಹ್ಯ. ಆದರೆ ನಿಂತು ಜಗಳವಾಡಲು ಪುರುಸೊತ್ತಿರಲಿಲ್ಲ. ಸಂಘದ ಹೆಂಗಸರೆಲ್ಲ ಅಂಥದೇ ಬುರುಡೆ ಕಟ್ಟಿಸುತ್ತಿದ್ದರು, ಅವರ ಹುಳುಗಳೂ ಹಣ್ಣಾಗುವುದರಲ್ಲಿದ್ದವು. ಆಗಲೇ ಒಲೆಯ ಮೇಲೆ ಬುರುಡೆ ಕಟ್ಟಿಸಿದ್ದ ಪಕ್ಕದ ಬೀದಿಯ ಅಮ್ಮಾಜಮ್ಮನ ಹುಳುಮನೆಗೆ ಅವಳು ಓಡಿದಳು.

ಅಮ್ಮಾಜಮ್ಮ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು. “ಅಲ್ಲೇ ನಿಲ್ಲಮ್ಮ ತಾಯಿ, ಹತ್ರ ಬರಬೇಡ.”

ಹುಳು ಸತ್ತ ಮನೆಯವರು ಇನ್ನೊಬ್ಬರ ಹುಳುಮನೆಯ ಹೊಸ್ತಿಲು ತುಳಿಯುವಂತಿಲ್ಲ. ರೋಗ ಕಾಲಿಗಂಟಿ ಬರುತ್ತದೆ. ಶೋಭಾರಾಣಿಯೇ ಎಷ್ಟೋ ಜನರನ್ನು ಹಾಗೆ ನಿಲ್ಲಿಸಿದವಳು. ಬೀದಿಯಲ್ಲೇ ನಿಂತು ಕೂಗಿದಳು: “ಅಮ್ಮಾಜಕ್ಕಾ, ಅದನ್ನ ಬಿಚ್ಚಾಕು! ರೂಲ್ಸು ಅನ್ನೋದೆಲ್ಲ ಸುಳ್ಳು. ನಮ್ಮನೇಲಿ ಬೆಂಕಿನೇ ಬಿದ್ದಿಲ್ಲ. ಆ ಪುಡಿನೇ ಹುಳ ಸಾಯಿಸ್ತು!”

“ಅಯ್ಯೋ ದೇವುಡಾ! ನಿಮ್ಮನೆಯೋರೇ ವಿಡಿಯೋದಲ್ಲಿ ಹೇಳವ್ರಲ್ಲೇ.”

“ಅವ್ರು ಹೇಳಿದ್ದೂ ಸುಳ್ಳು ಕಣಕ್ಕಾ!”

ಕೂಗಾಟಕ್ಕೆ ಅಕ್ಕಪಕ್ಕದವರು ಹೊರಗೆ ಬಂದರು. ಗಂಡನನ್ನೇ ಸುಳ್ಳ ಅನ್ನುವ ಹೆಂಗಸನ್ನು ಯಾರಾದರೂ ನಂಬುತ್ತಾರೆಯೇ? ಒಬ್ಬರು ಗಂಗರಾಜುವಿಗೆ ಫೋನು ಮಾಡಿದರು. ಅವನು ಬೈಕಿನಲ್ಲಿ ಬಂದಿಳಿದಾಗ ಶೋಭಾರಾಣಿಗೆ ಜೀವ ಬಂದಂತಾಯಿತು. ಎಷ್ಟಾದರೂ ಹುಳುಗಳು ಅವನ ಕಣ್ಣೆದುರೇ ಕಪ್ಪಿಟ್ಟು ಸತ್ತದ್ದು.

“ನೀವೇ ಹೇಳ್ರೀ,” ಎಂದಳು. “ಅಮ್ಮಾಜಕ್ಕನ ಹುಳನಾದ್ರೂ ಉಳೀಲಿ. ನಿಮ್ಮ ಬಾಯಲ್ಲಿ ಹೇಳಿದ್ರೆ ನಂಬ್ತಾರೆ.”

ಗಂಗರಾಜು ಅವಳ ಮುಖ ನೋಡಿದ. ಸುತ್ತ ನಿಂತವರ ಮುಖ ನೋಡಿದ. ಆಮೇಲೆ ಅವಳ ತೋಳು ಮೆಲ್ಲಗೆ ಹಿಡಿದುಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ನಿಟ್ಟುಸಿರುಬಿಟ್ಟ.

“ಬೇಜಾರ್ ಮಾಡ್ಕೋಬೇಡಿ ಅಮ್ಮಾಜಕ್ಕ. ಹುಳ ಹೋದಾಗಿಂದ ಇವ್ಳು ಹಿಂಗೇ ಏನೇನೋ ಮಾತಾಡ್ತಾಳೆ.”